ಸಿಳ್ಳೆ ಜಾರ್ಜನ ಕಾಗದ

ಸ್ಕಾಟ್ಲೆಂಡಿನ ಆ ಮೀನುಗಾರರ ಊರಿಗೆ ಎಲ್ಸ್‌ಪೆತ್ ಬಂದದ್ದು ಸೊಸೆಯಾಗಿ. ಅಂಚೆಚೀಲ ಹೆಗಲಿಗೇರಿಸಿದ್ದು ಗಂಡ ತೀರಿಕೊಂಡ ಮೇಲೆ. ಊರಲ್ಲಿ ಒಂಬತ್ತು ಮಂದಿ ಜಾರ್ಜ್ ಫ್ಲೆಟ್‌ಗಳಿದ್ದರು. ಚೊಚ್ಚಲ ಗಂಡುಮಗುವಿಗೆ ಅಪ್ಪನ ಅಪ್ಪನ ಹೆಸರನ್ನೇ ಇಡಬೇಕೆಂಬುದು ಅಲ್ಲಿನ ರೂಢಿ. ಗುರುತಿಗೆಂದು ಮನೆತನಕ್ಕೊಂದು ಅಡ್ಡಹೆಸರು: ಸಕ್ಕರೆ, ಪಾದ್ರಿ, ಸಿಳ್ಳೆ. ಕಾಗದದ ವಿಳಾಸದಲ್ಲೂ ಅದನ್ನು ಬರೆಯುತ್ತಿದ್ದರು. ಕೆಲಸಕ್ಕೆ ಸೇರಿದ ವಾರವೇ ಅವಳು ಸಕ್ಕರೆ ಜಾರ್ಜನಿಗೆ ಬಂದ ಮದುವೆ ಕರೆಯೋಲೆಯನ್ನು ಪಾದ್ರಿ ಜಾರ್ಜನಿಗೆ ಕೊಟ್ಟಿದ್ದಳು. ಆತ ಹೋಗಿ ಹೊಟ್ಟೆತುಂಬ ಉಂಡು ಬಂದ. ಹದಿನೆಂಟು ವರ್ಷವಾದರೂ ಊರು ಅದನ್ನು ಮರೆತಿರಲಿಲ್ಲ.

ಆ ಏಪ್ರಿಲಿನಲ್ಲಿ ಕೆನಡಾದಿಂದೊಂದು ಕಾಗದ ಬಂತು. ಜಾರ್ಜ್ ಫ್ಲೆಟ್ ಎಂದಷ್ಟೇ ಇತ್ತು, ಅಡ್ಡಹೆಸರಿಲ್ಲ.

"ಮಧ್ಯಾಹ್ನದ ವ್ಯಾನಿಗೆ ವಾಪಸ್ ಹಾಕ್ಬಿಡು," ಎಂದರು ಪೋಸ್ಟ್‌ಮಾಸ್ಟರು. "ಮತ್ತೆ ಪಾದ್ರಿಗೆ ಬಿಟ್ಟಿ ಊಟ ಹಾಕಿಸ್ಬೇಡ."

ಎಲ್ಸ್‌ಪೆತ್ ಲಕೋಟೆ ತಿರುಗಿಸಿದಳು. ಕಳಿಸಿದವರು: ಜಾರ್ಜ್ ಫ್ಲೆಟ್, ವಯಸ್ಸು ಮೂರು ವಾರ.

ಒಂಬತ್ತೂ ಬಾಗಿಲುಗಳನ್ನು ಮನಸ್ಸಿನಲ್ಲೇ ತಟ್ಟಿಬಂದಳು. ಕೆಲವು ಜಾರ್ಜರು ಇನ್ನೂ ಶಾಲೆಗೆ ಹೋಗುವವರು. ಮುದುಕರಿಗೆಲ್ಲ ಆಗಲೇ ತಮ್ಮ ಹೆಸರಿನ ಮೊಮ್ಮಗನಿದ್ದ. ಇಲ್ಲದವನು ಸಿಳ್ಳೆ ಜಾರ್ಜ್ ಒಬ್ಬನೇ. ಏಳು ವರ್ಷದ ಹಿಂದೆ ಮಗ ಆಂಡ್ರ್ಯೂ ದೋಣಿಯ ಬಾಳು ಬೇಡವೆಂದು ಕೆನಡಾಕ್ಕೆ ಹೊರಟಾಗ, "ಸಿಳ್ಳೆ ಅನ್ನೋ ಹೆಸರು ಇನ್ನು ನಿಂಗಿಲ್ಲ!" ಎಂದು ಬಂದರಿನಲ್ಲಿ ಎಲ್ಲರೆದುರು ಕೂಗಿದ್ದವನು. ಆಮೇಲೆ ಒಂದು ಕಾಗದವೂ ಬಂದಿರಲಿಲ್ಲ. ತನ್ನ ಊಹೆ ತಪ್ಪಾದರೆ ಮುದುಕನ ಗಾಯ ಕೆದಕಿದಂತಾಗುತ್ತದೆ. ಆದರೂ ಹೋದಳು.

ಅವನು ಹೊಸ್ತಿಲ ಮೇಲೆ ಕೂತು ಬಲೆ ಹೆಣೆಯುತ್ತಿದ್ದ. ಅವಳು ಕಾಗದವನ್ನು ಅವನ ಕೈಗಿತ್ತಳು.

"ನಂಗಲ್ಲ ಅದು. ನಂಗ್ಯಾರು ಬರೀತಾರೆ? ಪಾದ್ರಿಗೆ ಕೊಡು, ಉಂಡ್ಕೊಂಡ್ ಬರ್ತಾನೆ."

"ಹಿಂದುಗಡೆ ನೋಡಿ, ಸಿಳ್ಳೆಯವರೇ."

ನೋಡಿದ. ಬಲೆಯ ಸೂಜಿ ಮಡಿಲಿಗೆ ಜಾರಿತು.

"ಸಿಳ್ಳೆ ಅಂತ ಬರ್ದೇ ಇಲ್ವಲ್ಲ."

"ನೀವೇ ಬೇಡ ಅಂದಿದ್ರಲ್ಲ. ಅಪ್ಪನ ಮಾತು ಮೀರಿಲ್ಲ ನಿಮ್ಮ ಮಗ."

ಮುದುಕ ಲಕೋಟೆ ಒಡೆಯಲಿಲ್ಲ, ವಾಪಸು ಕೊಡಲೂ ಇಲ್ಲ. ಕಡೆಗೆ ಕೈ ಚಾಚಿದ.

"ನಿನ್ನ ಪೆನ್ಸಿಲ್ ಕೊಡಮ್ಮ."

ಲಕೋಟೆಯನ್ನು ಮೊಣಕಾಲ ಮೇಲಿಟ್ಟುಕೊಂಡು, ಮೂರು ವಾರದ ಜಾರ್ಜನ ಹೆಸರಿನ ಪಕ್ಕದಲ್ಲಿ ಸೊಟ್ಟ ಅಕ್ಷರಗಳಲ್ಲಿ ಸಿಳ್ಳೆ ಎಂದು ಬರೆದ.

"ನಾಳೆ ಈ ಕಡೆ ಬಾ. ಜವಾಬು ಬರೆದಿಟ್ಟಿರ್ತೀನಿ," ಎಂದ. "ಬೇಗ ಹೋಗೋ ಹಾಗೆ ಕಳ್ಸು. ಅವ್ನು ಸಿಳ್ಳೆ ಹಾಕೋದು ಕಲಿಯೋಕ್ ಮುಂಚೆ ತಲುಪ್ಬೇಕು."