ಬೂಷ್ಟು ಹಿಡಿದ ಲೇಬಲ್ಲಿನ ಬಾಟಲಿ

ಮೊನ್ನೆ ಮಣಿಪಾಲದ ವೈನ್ ಅಂಗಡಿಯಲ್ಲಿ ಒಂದು ಬಾಟಲಿ ಕೈಗೆತ್ತಿಕೊಂಡಾಗ ಬೂಷ್ಟಿನ ವಾಸನೆ ಬಂತು. ಮಳೆಗಾಲದಲ್ಲಿ ಸರಿಯಾಗಿ ಒಣಗದೆ ಮಡಚಿಟ್ಟ ಬಟ್ಟೆಗೆ ಬರುವ ವಾಸನೆ ಅದು. ಇಟಲಿಯ ಕೆಂಪು ವೈನು. ಲೇಬಲ್ಲಿನ ಒಂದು ಮೂಲೆ ಎದ್ದು ಸುರುಳಿಯಾಗಿತ್ತು, ಪಕ್ಕದಲ್ಲೇ ಅರ್ಧ ಬೆಲೆಯ ಚೀಟಿ. "ಒಳಗೆ ಎಂತ ಆಗ್ಲಿಲ್ಲ ಸರ್, ಹೊರಗೆ ಮಾತ್ರ" ಎಂದರು ಅಂಗಡಿಯವರು. ಈ ಮಾತನ್ನು ನಾನು ಮೊದಲು ಕೇಳಿದ್ದು ಕಾಪುವಿನ ನಮ್ಮ ನೆರೆಮನೆಯ ಮಾವನ ಬಾಯಲ್ಲಿ...

ಮಾವ ಎಂದರೆ ರಕ್ತಸಂಬಂಧವೇನಲ್ಲ. ಊರಿನವರೆಲ್ಲ ಅವರನ್ನು ಶಿಪ್ಪಿನ ಮಾವ ಎನ್ನುತ್ತಿದ್ದರು. ಅಪ್ಪ, ಅಣ್ಣಂದಿರೆಲ್ಲ ದೋಣಿಯಲ್ಲಿ ಮೀನಿಗೆ ಹೋದವರು. ಇವರೊಬ್ಬರು ಇಟಲಿಯ ಪ್ರವಾಸಿ ಹಡಗಿನಲ್ಲಿ ಊಟ ಬಡಿಸುವ ಕೆಲಸಕ್ಕೆ ಸೇರಿ, ಕೂದಲು ನೆರೆತ ಮೇಲೆ ಊರಿಗೆ ಬಂದರು. ಬರುವಾಗ ಚಿನ್ನ ತರಲಿಲ್ಲ, ಟಿವಿ ತರಲಿಲ್ಲ, ಕೆಂಪು ವೈನಿನ ಹುಚ್ಚೊಂದನ್ನು ತಂದರು. ನಮ್ಮ ಕಡೆ ಗಂಡಸರು ಕುಡಿಯುವುದು ಹೊಸತೇನಲ್ಲ. ಆದರೆ ಉದ್ದ ಕಾಲಿನ ಗ್ಲಾಸಿಗೆ ಎರಡು ಬೆರಳು ಸುರಿದು, ತಿರುಗಿಸಿ, ಮೂಸಿ, ಬೂತಾಯಿ ಮೀನಿನ ಫ್ರೈ ಪಕ್ಕದಲ್ಲಿಟ್ಟುಕೊಂಡು ಸಂಜೆಯಿಡೀ ಕೂರುವವರನ್ನು ನಾವು ನೋಡಿರಲಿಲ್ಲ. "ಮಾವ, ಅದು ಕುಡಿಯಲಿಕ್ಕಾ, ಪೂಜೆ ಮಾಡಲಿಕ್ಕಾ?" ಎಂದು ನಾನು ಕೀಟಲೆ ಮಾಡುತ್ತಿದ್ದೆ.

ಪಿಂಚಣಿ ಇಲ್ಲದವರಿಗೆ ಇಟಲಿಯ ವೈನು ಸುಮ್ಮನೆ ಸಿಗುತ್ತದೆಯೇ? ಅದಕ್ಕೆ ಮಾವ ಒಂದು ಉಪಾಯ ಕಂಡುಕೊಂಡಿದ್ದರು. ಮಣಿಪಾಲದಲ್ಲಿ ಇಂಥ ವೈನು ಕೊಳ್ಳುವವರು ಹೆಚ್ಚಾಗಿ ಕಾಲೇಜಿನ ಮಂದಿ. ಅವರು ರಜೆಗೆ ಹೋದರೆ ಪೇಟೆಯೇ ಖಾಲಿ. ಅಷ್ಟರಲ್ಲಿ ಮಳೆ ಹಿಡಿದು ಲೇಬಲ್ಲುಗಳಿಗೆ ಬೂಷ್ಟು ಬರುತ್ತದೆ. ಅಂಥ ಬಾಟಲಿಯನ್ನು ಯಾರೂ ಉಡುಗೊರೆಗೆ ಒಯ್ಯುವುದಿಲ್ಲ, ಅಂಗಡಿಯವರು ಬೆಲೆ ಇಳಿಸುತ್ತಾರೆ. ನಾನು ಆಗ ಕಾಪು ಪೇಟೆಯಲ್ಲಿ ಫೋಟೋ ಸ್ಟುಡಿಯೋ ಇಟ್ಟಿದ್ದೆ. ಮಳೆಗಾಲದಲ್ಲಿ ಮದುವೆಗಳಿಲ್ಲ, ನೊಣ ಹೊಡೆಯುವ ಕೆಲಸ. ಜೋರು ಮಳೆಯ ದಿನ ನೋಡಿಯೇ ಮಾವ ಬರುತ್ತಿದ್ದರು. ಇಬ್ಬರೂ ರೈನ್‌ಕೋಟು ಹಾಕಿಕೊಂಡು ನನ್ನ ಸ್ಕೂಟರಿನಲ್ಲಿ ಹೊರಡುತ್ತಿದ್ದೆವು. ಮಾರ್ಕೆಟ್ಟಿನಲ್ಲಿ ಮೀನಿನ ಕಿವಿರು ಎತ್ತಿ ನೋಡುವ ಹಾಗೆ ಮಾವ ಬಾಟಲಿಯ ಕುತ್ತಿಗೆಯನ್ನು ಬೆಳಕಿಗೆ ಹಿಡಿದು ನೋಡಿ, "ಒಳಗೆ ಎಂತ ಆಗಲಿಲ್ಲ, ಹೊರಗೆ ಮಾತ್ರ" ಎನ್ನುತ್ತಿದ್ದರು.

ಒಮ್ಮೆ ಹಾಗೆಯೇ ಒಂದು ಬರೋಲೊ ಸಿಕ್ಕಿತು. ಇಟಲಿಯ ವೈನುಗಳಲ್ಲಿ ಅದಕ್ಕೆ ದೊಡ್ಡ ಹೆಸರಂತೆ. ವಾಪಸು ಬರುವಾಗ ಮಾವ ಅದನ್ನು ರೈನ್‌ಕೋಟಿನ ಒಳಗೆ ಎದೆಗೆ ಒತ್ತಿ ಹಿಡಿದಿದ್ದರು. ಕಟಪಾಡಿಯಲ್ಲಿ ಚಹಾಕ್ಕೆ ನಿಂತಾಗ ಹೇಳಿದರು: "ಇದು ನಾನೊಬ್ಬನೇ ಕುಡಿಯಲಿಕ್ಕೆ ಅಲ್ಲ ಮಾರಾಯ. ಹಡಗಿನಲ್ಲಿ ಗಂಡ ಹೆಂಡತಿ ಎದುರುಬದುರು ಕೂತು ಕುಡಿಯುತ್ತಿದ್ದರು. ನಾನು ಪಕ್ಕದಲ್ಲಿ ನಿಲ್ಲುವುದು, ಗ್ಲಾಸು ಖಾಲಿಯಾದರೆ ಹೊಯ್ಯುವುದು. ಒಂದು ದಿನ ನಾನೂ ಅವಳೂ ಹಾಗೆ ಕೂರಬೇಕು ಅಂತ ಆಸೆ ಉಂಟು."

ಮಾಮಿ, ಅಂದರೆ ಅವರ ಹೆಂಡತಿ, ಗಂಡ ಸಮುದ್ರದಲ್ಲಿದ್ದಷ್ಟು ಕಾಲ ಮೀನಿನ ಬುಟ್ಟಿ ಹೊತ್ತು ಮನೆ ನಡೆಸಿದವರು. ಮನೆಗೆ ಬಂದು ಮಾವ ಈ ಆಸೆ ಹೇಳಿದಾಗ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. "ಎಂತ ನಿಮ್ಮದು? ನಾನು ಕುಡಿಯಲಿಕ್ಕೆ ಕೂತರೆ ನೆರೆಕರೆಯವರು ಎಂತ ಹೇಳಿಯಾರು? ಮಗಳ ಮದುವೆ ಒಂದು ಆಗಲಿ, ಮತ್ತೆ ನೋಡುವ." ಮದುವೆ ಆಯಿತು, ಮಗಳು ಕಾರ್ಕಳದ ಕುಕ್ಕುಂದೂರಿಗೆ ಹೋದಳು. ಮತ್ತೆ ಅವಳ ಬಾಣಂತನ. ಮತ್ತೆ ಮನೆಯ ಹೆಂಚಿನ ಮಾಡಿನ ರಿಪೇರಿ... ಮಾವ ಕೇಳುವುದನ್ನು ಬಿಡಲಿಲ್ಲ, ಮಾಮಿ ಬರುವ ವರ್ಷ ಎನ್ನುವುದನ್ನೂ ಬಿಡಲಿಲ್ಲ. ಬಾಟಲಿಯನ್ನು ಮಾತ್ರ ಅವರೇ ತೆಗೆದು ಅಡಗಿಸಿಟ್ಟಿದ್ದರು. ಎಲ್ಲಿ ಎಂದು ಗಂಡನಿಗೂ ಹೇಳಲಿಲ್ಲ. ಹೇಳಿದರೆ ನೆಂಟರು ಬಂದಾಗ ಇವರೇ ಉದಾರವಾಗಿ ತೆಗೆದುಕೊಟ್ಟಾರು ಎಂಬ ಹೆದರಿಕೆ.

ಒಂದು ಬೆಳಿಗ್ಗೆ ಎದೆನೋವೆಂದು ಮಾವನನ್ನು ಉಡುಪಿಗೆ ಕರೆದುಕೊಂಡು ಹೋದರು. ಅವರು ತಿರುಗಿ ಬರಲಿಲ್ಲ.

ನಮ್ಮಲ್ಲಿ ಮಳೆಗಾಲದ ಆಟಿ ತಿಂಗಳಲ್ಲಿ ತೀರಿಹೋದವರಿಗೆ ಬಡಿಸುವ ಕ್ರಮ. ಅವರಿಗೆ ಇಷ್ಟವಾದುದನ್ನೆಲ್ಲ ಬಾಳೆಲೆಗೆ ಹಾಕಿ, ದೀಪ ಇಟ್ಟು, ಅವರು ಬಂದು ಉಣ್ಣಲೆಂದು ಬಾಗಿಲು ಎಳೆದು ಎಲ್ಲರೂ ಹೊರಗೆ ಕೂರುವುದು. ಸ್ವಲ್ಪ ಹೊತ್ತು ಕಳೆದು ಕೆಮ್ಮಿ, ಬಾಗಿಲು ತಟ್ಟಿ ಒಳಗೆ ಹೋಗುವುದು. ಆ ವರ್ಷ ಅಳಿಯ ಬ್ರಾಂದಿ ತಂದಿದ್ದ. ಮಾಮಿ ಅದನ್ನು ಬದಿಗಿಟ್ಟು, ಏಣಿ ತರಿಸಿ, ಅಟ್ಟದಿಂದ ಬರೋಲೊ ಇಳಿಸಿದರು. ಹಳೆಯ ಕಂಬಳಿಯಲ್ಲಿ ಸುತ್ತಿ, ಹೆಂಚಿನ ಕೆಳಗೆ ಕಂಚಿನ ಪಾತ್ರೆಗಳ ನಡುವೆ ಇಟ್ಟಿದ್ದರು. "ಯಾರ ಕೈಯೂ ಮುಟ್ಟದ ಹಾಗೆ ಕಾದೆ" ಎಂದರು. ಇಷ್ಟು ವರ್ಷಗಳ ಬೇಸಿಗೆಯನ್ನು ಆ ವೈನು ಹೆಂಚಿನ ಕೆಳಗೆ ಕಳೆದಿತ್ತು. ವೈನಿಗೆ ಸೆಕೆ ತಾಗಬಾರದು, ಹುಳಿಯಾಗುತ್ತದೆ ಎಂದು ಮಾವ ನೂರು ಸಲ ಹೇಳಿದ್ದರು, ಹೇಳಿದ್ದು ನನ್ನ ಹತ್ತಿರ.

ಬಿರಡೆ ತೆಗೆದವನು ನಾನೇ. ಬಾಗಿಲು ತೆರೆದ ಮೇಲೆ ಮಾಮಿ ಎಲೆಯ ಎದುರು ನೆಲದ ಮೇಲೆ ಕೂತು, ಗಂಡನಿಗೆ ಇಟ್ಟ ಗ್ಲಾಸನ್ನು ತೆಗೆದುಕೊಂಡರು. ನೆರೆಕರೆಯವರೆಲ್ಲ ಅಲ್ಲೇ ಇದ್ದರು, ಯಾರೂ ಏನೂ ಹೇಳಲಿಲ್ಲ. ಬಾಟಲಿಯಿಂದ ನಾನೊಂದು ಗುಟುಕು ರುಚಿ ನೋಡಿದೆ. ಬರೀ ವಿನೆಗರ್. ಮಾಮಿ ಮುಖ ಕಿವುಚದೆ ಅಷ್ಟನ್ನೂ ಕುಡಿದರು.

"ಇದು ಹೀಗೇ ಇರುವುದಾ?"

"ಹೌದು ಮಾಮಿ, ಹೀಗೇ."

"ಇಷ್ಟೇ ಅಲ್ವಾ" ಎಂದು ಅವರು ಖಾಲಿ ಗ್ಲಾಸನ್ನು ನೋಡುತ್ತಾ ಕೂತರು. "ಒಂದು ಸಲ ಕೂರಬಹುದಿತ್ತು ನಾನು."

ಆ ಮಾತು ನನ್ನನ್ನು ಈಗಲೂ ಬಿಟ್ಟಿಲ್ಲ. ಒಂದು ಸಂಜೆ, ಎರಡು ಗ್ಲಾಸು... ಮಾವ ಕೇಳಿದ್ದು ಅಷ್ಟನ್ನೇ.

ಕಳೆದ ಬೇಸಿಗೆಯಲ್ಲಿ ಮಾಮಿಯೂ ಹೋದರು. ಮೊನ್ನೆ ಕುಕ್ಕುಂದೂರಿನಿಂದ ಮಗಳು ಫೋನ್ ಮಾಡಿದಳು: "ಅಣ್ಣ, ಈ ಸಲ ಅಮ್ಮನಿಗೂ ಎಲೆ ಹಾಕಬೇಕು. ವೈನು ನೀವೇ ತರಬೇಕು." ಹಾಗಾಗಿ ನಾನು ಮಣಿಪಾಲದ ಆ ಅಂಗಡಿಗೆ ಹೋದದ್ದು. ಮಾವನ ಹಾಗೆ ಬಾಟಲಿಯ ಕುತ್ತಿಗೆಯನ್ನು ಬೆಳಕಿಗೆ ಹಿಡಿದೆ, ನನಗೇನೂ ತಿಳಿಯಲಿಲ್ಲ. ಅಂಗಡಿಯವರ ಮಾತು ನಂಬಿ ತಂದು, ಮನೆಯ ತಂಪು ಮೂಲೆಯಲ್ಲಿ ಮಲಗಿಸಿಟ್ಟಿದ್ದೇನೆ.

ಎಲೆಗಳನ್ನು ಎದುರುಬದುರು ಹಾಕಲು ಅವಳಿಗೆ ಹೇಳಿದ್ದೇನೆ. ಹೊಯ್ಯುವವನು ನಾನು. ಹೊಯ್ದು ಬಾಗಿಲು ಎಳೆದು ಹೊರಗೆ ಕೂರುತ್ತೇನೆ. ಈ ಸಲ ವೈನು ಹುಳಿಯಾಗಿರಲಿಕ್ಕಿಲ್ಲ. ಆದರೆ ಇದು ಹೀಗೇ ಇರುವುದಾ ಎಂದು ಕೇಳಲು ಒಳಗೆ ಯಾರೂ ಇಲ್ಲ.