ದೀಪದ ಗುಳಿ ಬಿದ್ದ ಮಗ್ಗುಲು

ಪಡಸಾಲೆಯ ತೂಗುದೀಪವನ್ನು ಲೇಸರ್‌ನಲ್ಲಿ ಕ್ಲೀನ್ ಮಾಡಿಸೋಣ ಅಂತ ಸೊಸೆ ಹೇಳಿದಾಗ ನಾನು ಬೇಡ ಅಂದೆ. ಇನ್ನೊಂದು ಕೋಟ್ ಸಿಲ್ವರ್ ಪೇಂಟ್ ಹೊಡೆಸಿದರೆ ಸಾಕು ಅಂದೆ. ಅವಳು ಫೋನಿನಲ್ಲಿ ಒಂದು ವಿಡಿಯೋ ಹಚ್ಚಿ ನನ್ನ ಮೂಗಿನ ಕೆಳಗೆ ಹಿಡಿದಳು. ತುಕ್ಕು ಹಿಡಿದ ಕಬ್ಬಿಣದ ಮೇಲೆ ಬೆಳಕಿನದೊಂದು ಗೆರೆ ಓಡಾಡುತ್ತಿತ್ತು. ಅದು ಹಾದ ಕಡೆಯೆಲ್ಲ ಬೂದು ಬಣ್ಣದ ಹೊಸ ಲೋಹ. "ನೋಡಿ ಅತ್ತೆ, ಉಜ್ಜೋ ಕೆಲಸ ಇಲ್ಲ, ಆಸಿಡ್ ಇಲ್ಲ" ಅಂದಳು.

ಆಸಿಡ್ ಅನ್ನುವ ಮಾತಿಗೆ ನಾನು ಎದ್ದು ಒಳಗೆ ಹೋದೆ.

ಆ ದೀಪ ನಮ್ಮ ಮಾವನವರು ಬೆಂಗಳೂರಿನ ಯಾವುದೋ ಹರಾಜಿನಲ್ಲಿ ಹಿಡಿದು ನಮ್ಮೂರು ಬಿಳಿಗೆರೆಗೆ ಹೊತ್ತು ತಂದದ್ದು. ಕಬ್ಬಿಣದ ಬಳೆ, ಅದರಿಂದ ಹೊರಟ ನಾಲ್ಕು ಕೈ, ಕೈಗೊಂದು ಗಾಜಿನ ಬುರುಡೆ. ಮೊದಲು ಸೀಮೆಎಣ್ಣೆಯಲ್ಲಿ ಉರಿಯುತ್ತಿತ್ತಂತೆ. ನಾನು ಮದುವೆಯಾಗಿ ಬರುವ ಹೊತ್ತಿಗೆ ಬಲ್ಬು ಬಂದಿತ್ತು. ಮಾವನವರಿಗೆ ಅದರ ಮೇಲೆ ಎಷ್ಟು ಪ್ರೀತಿ ಎಂದರೆ ಮನೆಗೆ ಬಂದವರಿಗೆ ನೀರು ಕೊಡುವ ಮೊದಲು ಸ್ವಿಚ್ ಹಾಕಿ ತೋರಿಸುತ್ತಿದ್ದರು.

ಆಗ ಮನೆಯಲ್ಲಿ ಸೊಸೆಯರು ನಾವಿಬ್ಬರು. ಹಿರಿಯ ಸೊಸೆ ನನ್ನ ಓರಗಿತ್ತಿ, ದಂಡಿನಶಿವರದ ಕಡೆಯವಳು. ಅವಳನ್ನು ನಾನು ಅಕ್ಕ ಅನ್ನುತ್ತೇನೆ. ಸ್ಕೂಲಿಗೆ ಹೋದದ್ದು ಎರಡೋ ಮೂರೋ ವರ್ಷ. ಆದರೆ ಅಟ್ಟ ಅವಳದು. ಕಿತ್ತ ತೆಂಗಿನಕಾಯನ್ನು ಹೆಚ್ಚುಕಡಿಮೆ ವರ್ಷ ಪೂರ್ತಿ ಅಟ್ಟದ ಮೇಲೆ ಹರವಿ, ಒಳಗಿನ ನೀರು ತಾನಾಗಿ ಇಂಗಿ ಉಂಡೆ ಕೊಬ್ಬರಿ ಆಗುವವರೆಗೆ ಕಾಯುವುದು ನಮ್ಮ ಕಡೆಯ ಪದ್ಧತಿ. ಮಳೆ ಹಿಡಿದಾಗ ಅಟ್ಟದ ಕೆಳಗಿನ ಕೋಣೆಯಲ್ಲಿ ಒಣ ಮಟ್ಟೆ, ಅಂದರೆ ಕಾಯಿಸಿಪ್ಪೆ, ಉರಿಸಿ ಮೇಲಕ್ಕೆ ಹೊಗೆ ಕೊಡಬೇಕು. ಅಕ್ಕ ಒಂದೊಂದೇ ಕಾಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಿದ್ದಳು. "ಇದಕ್ಕಿನ್ನೂ ನೀರೈತೆ. ಇದು ಆಯ್ತು. ಇದು ಸುಳ್ಳು ಹೇಳ್ತೈತೆ, ಪಕ್ಕಕ್ಕಿಡು." ಅಟ್ಟದ ಕೀಲಿ ಯಾವಾಗಲೂ ಅವಳ ಸೊಂಟದಲ್ಲಿರುತ್ತಿತ್ತು.

ನಾನು ಕಾನ್ವೆಂಟಿನಲ್ಲಿ ಓದಿದವಳು. ಇಂಗ್ಲಿಷ್ ಕಾದಂಬರಿ ಓದುತ್ತಿದ್ದೆ, ಮೇಜುಬಟ್ಟೆಗೆ ಕಸೂತಿ ಹಾಕುತ್ತಿದ್ದೆ. ಆ ಮನೆಗೆ ಅವೆರಡೂ ಬೇಕಿರಲಿಲ್ಲ. ಏನಾದರೂ ಮಾಡಿ ಮಾವನವರ ಕೈಲಿ ಶಭಾಷ್ ಅನ್ನಿಸಿಕೊಳ್ಳಬೇಕು ಅನ್ನುವ ಆಸೆ ಇತ್ತು.

ಗೌರಿಹಬ್ಬಕ್ಕೆ ಮುಂಚೆ ಸುಣ್ಣ ಬಳಿಯಲು ದೀಪ ಇಳಿಸಿ, ಬುರುಡೆ ಬಿಚ್ಚಿ, ಅಟ್ಟದ ಕೆಳಗಿನ ಕೋಣೆಯಲ್ಲಿಟ್ಟಿದ್ದರು. ಅಲ್ಲಲ್ಲಿ ಸ್ವಲ್ಪ ತುಕ್ಕು ಕಂಡಿತು. ನನಗೆ ಹೋಮ್ ಸೈನ್ಸ್ ಕ್ಲಾಸು ನೆನಪಾಯಿತು: ತುಕ್ಕಿಗೆ ವಿನೆಗರ್ ಮತ್ತು ಉಪ್ಪು. "ಹಾಫ್ ಆ್ಯನ್ ಅವರ್, ಗರ್ಲ್ಸ್, ನಾಟ್ ಅ ಮಿನಿಟ್ ಮೋರ್" ಅಂದಿದ್ದರು ಸಿಸ್ಟರ್. ಬಿಳಿಗೆರೆಯಲ್ಲಿ ವಿನೆಗರ್ ಎಲ್ಲಿಂದ ತರುವುದು? ಕೊಟ್ಟಿಗೆಯ ಮೂಲೆಯ ಬಾನಿಯಲ್ಲಿ ಪೂಜೆಗೆ ಒಡೆದ ಕಾಯಿಗಳ ನೀರು ನಾಲ್ಕು ದಿನದಿಂದ ನಿಂತು ಹುಳಿತು ನೊರೆ ಕಟ್ಟಿತ್ತು. ಮೂಸಿ ನೋಡಿದೆ. ಎಕ್ಸಾಕ್ಟ್ಲಿ ವಿನೆಗರ್. ಎರಡು ಹಿಡಿ ಉಪ್ಪು ಸುರಿದೆ, ದೀಪವನ್ನು ತಂದು ವಾಲಿಸಿ ಇಟ್ಟೆ. ಎರಡು ಕೈ ಮುಳುಗಿದವು, ಎರಡು ಮೇಲುಳಿದವು. ಆಮೇಲೆ ಮಗುಚಿದರಾಯಿತು ಅಂದುಕೊಂಡು ಮೇಲೊಂದು ಗೋಣಿತಾಟು ಹೊದಿಸಿದೆ.

ಅಷ್ಟರಲ್ಲಿ ಹುಳಿಯಾರಿನ ನನ್ನ ತವರಿಂದ ಆಳು ಬಂದ. ಅಮ್ಮ ಬಾವಿಕಟ್ಟೆಯ ಹತ್ತಿರ ಜಾರಿ ಬಿದ್ದು ಕಾಲು ಉಳುಕಿಸಿಕೊಂಡಿದ್ದರು. ಉಟ್ಟ ಸೀರೆಯಲ್ಲೇ ಹೊರಟೆ. ಅಲ್ಲಿ ಮೂರು ದಿನ. ದೀಪದ ನೆನಪೇ ಆಗಲಿಲ್ಲ ಅಂತ ಬರೆದರೆ ಸುಳ್ಳಾಗುತ್ತದೆ. ಎರಡನೆಯ ದಿನ ನೆನಪಾಯಿತು. ಹೇಳಿ ಕಳಿಸಿದರೆ ನಗುತ್ತಾರೆ ಅಂತ ಸುಮ್ಮನಾದೆ.

ವಾಪಸ್ಸು ಬಂದ ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತಿದ್ದಾಗ ದೀಪವನ್ನು ಎತ್ತಿ, ಸೆರಗಿನಲ್ಲಿ ಒರೆಸಿ, ಮೊದಲಿದ್ದ ಜಾಗದಲ್ಲೇ ಇಟ್ಟೆ. ವಾರದಲ್ಲಿ ಅದು ಕಿತ್ತಳೆ ಬಣ್ಣಕ್ಕೆ ತಿರುಗಿ ಹಕ್ಕಳೆ ಎದ್ದಿತು.

ಮಾವನವರು ಅದರ ಮುಂದೆ ಕುಕ್ಕರುಗಾಲಲ್ಲಿ ಕೂತು ತುಂಬ ಹೊತ್ತು ನೋಡಿದರು. ಆಮೇಲೆ ಅಕ್ಕನನ್ನು ಕರೆದರು.

"ಹಸಿ ಮಟ್ಟೆ ಹೊಗೆ ಹಾಕಿದ್ಯೇನವ್ವಾ?"

"ಇಲ್ಲ ಮಾವ. ಒಣಗಿದ್ದೇ ಹಾಕಿದ್ದು."

"ಮತ್ತೆ ಇದಕ್ಕೆ ಏನು ರೋಗ ಬಂತು?" ಅಂತ ನನ್ನ ಕಡೆ ತಿರುಗಿದರು. "ನೀನು ಓದಿದೋಳು. ನೀನೇಳು, ಹೊಗೆಯಿಂದ ಹಿಂಗಾಗುತ್ತಾ?"

ಅಕ್ಕ ನನ್ನ ಮುಖ ನೋಡಿದಳು. ಓದಿದವಳು ತನ್ನ ಪರ ಮಾತಾಡುತ್ತಾಳೆ ಅನ್ನುವ ನಂಬಿಕೆ ಆ ನೋಟದಲ್ಲಿತ್ತು.

"ಆಗಬಹುದು ಮಾವ" ಅಂದೆ.

ಅವರು ಬೈಯಲಿಲ್ಲ. ಬೈಯುವ ಜನ ಅಲ್ಲ. "ಇನ್ಮೇಲೆ ಅಟ್ಟ ಚಿಕ್ಕವಳು ನೋಡ್ಕೊಳ್ಳಲಿ" ಅಂದರು, ಅಷ್ಟೇ. ಅಕ್ಕ ಸೊಂಟದಿಂದ ಕೀಲಿ ತೆಗೆದಳು. ನನ್ನ ಕೈಗೆ ಕೊಡಲಿಲ್ಲ, ನನ್ನ ಮುಂದೆ ನೆಲದ ಮೇಲಿಟ್ಟು ಹೋದಳು.

ಆ ವರ್ಷ ನಾನು ಅಟ್ಟದ ಮೇಲೆ ಕೂತು ಕಾಯಿ ಅಲ್ಲಾಡಿಸಿದ್ದೇ ಅಲ್ಲಾಡಿಸಿದ್ದು. ನನ್ನ ಕಿವಿಗೆ ಎಲ್ಲ ಕಾಯಿಯೂ ಒಂದೇ ಸದ್ದು. ಎಷ್ಟೋ ಕಾಯಿ ಒಳಗೇ ಕೊಳೆತವು. ಒಮ್ಮೆ ತಡೆಯಲಾರದೆ ಒಂದು ಕಾಯಿ ಹಿಡಿದು ಅಕ್ಕನ ಹತ್ತಿರ ಹೋದೆ. "ನನ್ನನ್ನೇನು ಕೇಳ್ತೀಯ? ನಿನ್ ಸೈನ್ಸು ಕೇಳು, ಹೇಳ್ತೈತೆ" ಅಂತ ರಾಗಿ ಬೀಸುವುದನ್ನು ಮುಂದುವರಿಸಿದಳು.

ಮುಂದೆ ಮನೆ ಭಾಗವಾಯಿತು. ನಡುವೆ ಗೋಡೆ ಎದ್ದಿತು, ಪಡಸಾಲೆಯೂ ಅಟ್ಟವೂ ನಮ್ಮ ಪಾಲಿಗೆ ಬಂದವು. ದೀಪಕ್ಕೆ ಎರಡು ಮೂರು ವರ್ಷಕ್ಕೊಮ್ಮೆ ನಾನೇ ನಿಂತು ಸಿಲ್ವರ್ ಪೇಂಟ್ ಹೊಡೆಸುತ್ತಿದ್ದೆ. ಅಕ್ಕ ಈಗಲೂ ದಿನಾ ಬರುತ್ತಾಳೆ, ಆದರೆ ಹಿತ್ತಲ ಬಾಗಿಲಿಂದ. ಅಡುಗೆಮನೆಯಲ್ಲಿ ಕೂತು ಕಾಫಿ ಕುಡಿದು ಹೋಗುತ್ತಾಳೆ. ದೀಪ ಇರುವ ಕಡೆ ಕಾಲಿಟ್ಟವಳಲ್ಲ. ಅಕ್ಕನಿಗೆ ಸಂಕೋಚ ಜಾಸ್ತಿ ಅಂತ ನಾನು ಎಲ್ಲರಿಗೂ ಹೇಳಿಕೊಂಡು ಬಂದೆ. ಹೊಗೆಯಿಂದಲೂ ಆಗಿರಬಹುದು ಅಂತ ನನಗೆ ನಾನೂ ಹೇಳಿಕೊಂಡು ಬಂದೆ. ಹೇಳುತ್ತಾ ಹೇಳುತ್ತಾ ಮುಕ್ಕಾಲು ಪಾಲು ನಂಬಿಯೂ ಬಿಟ್ಟಿದ್ದೆ.

ಸೊಸೆ ಬಿಡಲಿಲ್ಲ. ದೀಪವನ್ನೂ ನನ್ನನ್ನೂ ಕಾರಿನಲ್ಲಿ ಕೂರಿಸಿಕೊಂಡು ತಿಪಟೂರಿಗೆ ಹೊರಟಳು. ವರ್ಕ್‌ಶಾಪಿನವನು ಮೊದಲು ಬೋರ್‌ವೆಲ್ ಮೋಟರ್ ರಿಪೇರಿ ಮಾಡುತ್ತಿದ್ದನಂತೆ. ಈಗ ಎಣ್ಣೆ ಮಿಲ್ಲಿನ ಯಂತ್ರಗಳ ತುಕ್ಕು ತೆಗೆಯಲು ಈ ಲೇಸರ್ ಇಟ್ಟಿದ್ದಾನೆ. ನಮಗೆ ಕಪ್ಪು ಕನ್ನಡಕ ಕೊಟ್ಟು ದೂರ ನಿಲ್ಲಿಸಿದ. ಪಿಸ್ತೂಲಿನಂಥ ಹಿಡಿಕೆ, ಅದಕ್ಕೊಂದು ದಪ್ಪ ಕೇಬಲ್. ಹಚ್ಚಿದೊಡನೆ ಸಾಸಿವೆ ಸಿಡಿದಂತೆ ಚಟಪಟ ಸದ್ದು, ಸುಟ್ಟ ಪೇಂಟಿನ ವಾಸನೆ. ನಾನು ವರ್ಷವರ್ಷ ಬಳಿಸಿದ್ದ ಬೆಳ್ಳಿ ಬಣ್ಣ ಪದರ ಪದರವಾಗಿ ಹೊಗೆಯಾಗಿ ಹೋಯಿತು. ಅದರಡಿಯ ಕೆಂಪು ತುಕ್ಕೂ ಹೋಯಿತು. ಎರಡು ಕೈ ನುಣ್ಣಗೆ ಹೊರಬಂದವು. ಐ ವಾಸ್ ಆಲ್ಮೋಸ್ಟ್ ಹ್ಯಾಪಿ. ಮೂರನೆಯ ಕೈ ಅರ್ಧ ಆಗುವಾಗ ಅವನು ಮೆಷಿನ್ ಆಫ್ ಮಾಡಿ ಹೆಬ್ಬೆರಳು ಆಡಿಸಿ ನೋಡಿದ.

"ಅಮ್ಮಾ, ಇದನ್ನ ಯಾವುದ್ರಲ್ಲಾದ್ರೂ ನೆನೆಹಾಕಿದ್ರಾ?"

"ಅಟ್ಟದ ಕೆಳಗಿತ್ತು" ಅಂದೆ. "ಹೊಗೆಯಿಂದ ಆಗಿರಬಹುದಲ್ವಾ?"

"ಹೊಗೆ ಆದ್ರೆ ಎಲ್ಲಾ ಕಡೆ ತಿನ್ನುತ್ತೆ ಕಣ್ರೀ. ಇಲ್ಲಿ ನೋಡಿ, ಸ್ಕೇಲ್ ಇಟ್ಟು ಗೆರೆ ಎಳ್ದಂಗೈತೆ. ಈ ಕಡೆ ಒಂದು ಗುಳಿ ಇಲ್ಲ. ಆ ಕಡೆ ಪೂರ್ತಿ ಸಿಡುಬು. ಯಾರೋ ಪುಣ್ಯಾತ್ಮರು ಹುಳಿನೀರಲ್ಲಿ ಅರ್ಧ ಮುಳುಗಿಸಿ ಮರೆತವ್ರೆ."

ಗುಳಿ ಹೋಗಲ್ವಾ ಅಂತ ಸೊಸೆ ಕೇಳಿದಳು. "ತುಕ್ಕು ತೆಗೀತೀನಿ. ತಿಂದೋಗಿರೋ ಕಬ್ಬಿಣ ಎಲ್ಲಿಂದ ತರ್ಲಿ?" ಅಂದ. ಬರಿಮೈಯಲ್ಲಿ ಬಿಟ್ಟರೆ ಮತ್ತೆ ತುಕ್ಕು ಹಿಡಿಯುತ್ತದೆ ಅಂತ ಆಗಲೇ ತೆಳುವಾಗಿ ಬಣ್ಣವಿಲ್ಲದ ಲ್ಯಾಕರ್ ಹೊಡೆದು ಕೊಟ್ಟ. ಪರವಾಗಿಲ್ಲ, ಆ ಮಗ್ಗುಲನ್ನು ಒಳಗೋಡೆಯ ಕಡೆ ತಿರುಗಿಸಿ ಹಾಕೋಣ ಅಂದಳು ಸೊಸೆ.

ಮಾರನೆಯ ದಿನ ಅಕ್ಕ ಅಡುಗೆಮನೆಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದಾಗ ಹೇಳಿದೆ. ಬಾನಿ, ಕಾಯಿನೀರು, ಉಪ್ಪು, ಗೋಣಿತಾಟು, ಮೂರು ದಿನ. ಅವಳ ಕೈ ನಿಲ್ಲಲಿಲ್ಲ. ಸುಲಿದ ಕಾಳು ತಟ್ಟೆಗೆ ಬೀಳುತ್ತಲೇ ಇತ್ತು.

"ಅಂಗಾದ್ರೆ ಹೊಗೆ ಅಲ್ಲ" ಅಂದಳು ಕೊನೆಗೆ.

"ಅಲ್ಲ ಅಕ್ಕ."

"ಇಷ್ಟು ವರ್ಷ ನಾನೇ ಯಾವುದೋ ಹಸಿ ಮಟ್ಟೆ ಗೊತ್ತಿಲ್ದಂಗೆ ಹಾಕಿಬಿಟ್ಟಿದ್ದೆ ಅಂದ್ಕಂಡಿದ್ದೆ ಕಣೇ. ಯಾವತ್ತು, ಯಾವ ಮಟ್ಟೆ ಅಂತ ಕೂತು ನೆನೆಸ್ಕಳ್ತಿದ್ದೆ."

ಈ ಮಾತಿಗೆ ನಾನು ಸಿದ್ಧಳಾಗಿರಲಿಲ್ಲ. ಅವಳಿಗೆ ನನ್ನ ಮೇಲೆ ಅನುಮಾನ ಇದ್ದೇ ಇರುತ್ತದೆ ಅಂತ ತಿಳಿದಿದ್ದೆ. ಅದರಲ್ಲೇ ಒಂಥರಾ ಸಮಾಧಾನವೂ ಇತ್ತು. ಅವಳು ನನ್ನನ್ನು ನಂಬಿ ತನ್ನನ್ನೇ ಅನುಮಾನಿಸಿಕೊಂಡಿದ್ದಳು.

"ಅವತ್ತೇ ಹೇಳಿದ್ರೆ ನಿನ್ನ ಏನು ಮಾಡೋರು? ಎರಡು ಮಾತು ಬೈಯೋರು."

"ತಪ್ಪಾಯ್ತು ಅಕ್ಕ. ಅಟ್ಟದ ಕೀಲಿ..." ಅಂತ ಸೊಂಟದಿಂದ ತೆಗೆದು ಚಾಚಿದೆ.

"ಯಾಕೆ, ಈ ಮಂಡಿ ಇಟ್ಕಂಡು ಏಣಿ ಹತ್ಲಾ? ಇಟ್ಕೋ ಬುಡು." ಅವರೆ ಸಿಪ್ಪೆಯನ್ನು ಮಡಿಲಿಂದ ಕೊಡವಿ ಎದ್ದಳು. "ಎಲ್ಲೈತೆ ಅದು? ತೋರಿಸು."

ಪಡಸಾಲೆಯಲ್ಲಿ ಸೊಸೆ ಎಲೆಕ್ಟ್ರಿಷಿಯನ್‌ನನ್ನು ಸ್ಟೂಲ್ ಹತ್ತಿಸಿ ದೀಪ ತೂಗುಹಾಕಿಸುತ್ತಿದ್ದಳು. ಅಕ್ಕ ಹೊಸ್ತಿಲ ಮೇಲೆ ಒಂದು ಗಳಿಗೆ ನಿಂತು, ಒಳಗೆ ಕಾಲಿಟ್ಟಳು. ಕತ್ತೆತ್ತಿ ನಾಲ್ಕೂ ಕೈ ನೋಡಿದಳು.

"ಆ ತೂತುಬಿದ್ದ ಕಡೆ ಯಾಕಪ್ಪ ಒಳಗಡೆ ಹಾಕ್ತಿದೀಯಾ? ಬಾಗ್ಲು ಕಡೆ ತಿರುಗಿಸು."

"ಬಂದವರಿಗೆಲ್ಲ ಅದೇ ಕಾಣುತ್ತೆ ದೊಡ್ಡತ್ತೆ" ಅಂದಳು ಸೊಸೆ.

"ಕಾಣ್ಲಿ. ಏನಾಯ್ತು ಅಂತ ಕೇಳ್ತಾರೆ. ಇವಳು ಹೇಳ್ತಾಳೆ."

ಸೊಸೆ ನನ್ನ ಕಡೆ ನೋಡಿದಳು. ತಿರುಗಿಸು ಅಂದೆ.

ಈಗ ಅಕ್ಕ ಮುಂದಿನ ಬಾಗಿಲಿಂದಲೇ ಬರುತ್ತಾಳೆ. ದೀಪದ ಕೆಳಗಿನ ಬೆತ್ತದ ಕುರ್ಚಿ ಹಿಡಿದು ಕೂರುತ್ತಾಳೆ. ನನ್ನನ್ನು ಕ್ಷಮಿಸಿದ್ದಾಳೋ ಇಲ್ಲವೋ ಹೇಳಿಲ್ಲ, ಕೇಳುವ ಧೈರ್ಯ ನನಗೂ ಇಲ್ಲ. ಹೋದ ವಾರ ಕೊಬ್ಬರಿ ವ್ಯಾಪಾರಿ ಬಂದವನು ಚಪ್ಪಲಿ ಬಿಡುತ್ತಾ ಮೇಲೆ ನೋಡಿ, "ಇದೇನ್ರೀ, ದೀಪಕ್ಕೆ ಒಂದು ಕಡೆ ಸಿಡುಬು ಎದ್ದಂಗೈತಲ್ಲ?" ಅಂದ. ಅಕ್ಕ ಕಾಫಿ ಲೋಟ ಕೆಳಗಿಟ್ಟು ನನ್ನತ್ತ ತಿರುಗಿದಳು. ನಾನು ಹೇಳಿದೆ. ಕಾಯಿನೀರಲ್ಲಿ ನೆನೆಹಾಕಿದ್ದು ನಾನು, ಮೂರು ದಿನ ಬಿಟ್ಟದ್ದು ನಾನು, ಬೇರೆಯವರ ಮೇಲೆ ತಪ್ಪು ಹೋದಾಗ ಆಗಬಹುದು ಅಂದದ್ದೂ ನಾನೇ ಅಂದೆ.

ಅವನು ಟವಲ್ಲಿನಿಂದ ಮುಖ ಒರೆಸಿಕೊಂಡ.

"ಉಪ್ಪು ಹಾಕಿದ್ದು ಹೇಳ್ಲಿಲ್ಲ" ಅಂದಳು ಅಕ್ಕ.

"ಎರಡು ಹಿಡಿ ಉಪ್ಪೂ ಹಾಕಿದ್ದೆ" ಅಂದೆ.