ಮಾಸ್ತಪ್ಪ ಹಿಡಿದಿಟ್ಟ ವಿಷಲ್

ಸಾಗರದ ಕುಕ್ಕರ್ ರಿಪೇರಿ ಮಾಸ್ತಪ್ಪ ಯಾರಿಗಾದರೂ ಅವರ ಕುಕ್ಕರನ್ನು ಒಂದೇ ಸಲಕ್ಕೆ ಪೂರ್ತಿ ವಾಪಸು ಕೊಟ್ಟದ್ದನ್ನು ನಾನಂತೂ ಕಂಡಿಲ್ಲ. ಪಾತ್ರೆ ಕೊಡುತ್ತಾನೆ, ಮುಚ್ಚಳ ಕೊಡುತ್ತಾನೆ, ವಿಷಲ್ ಮಾತ್ರ ಗೋಡೆಯ ಮೊಳೆಗೆ ಸಿಕ್ಕಿಸಿ, "ಬಿ.ಪಿ. ನೋಡಿಸಿದ ಚೀಟಿ ತನ್ನಿ, ತಗೊಂಡು ಹೋಗಿ" ಅನ್ನುತ್ತಾನೆ. ನಲವತ್ತು ದಾಟಿದ ಯಾರಿಗೂ ರಿಯಾಯಿತಿ ಇಲ್ಲ. ಮೊನ್ನೆ ಹೊಸನಗರದ ಬಸ್ಸಿಳಿದು ಬಂದ ಮೇಷ್ಟರೊಬ್ಬರು, "ನಂಗೆ ತಲೆನೋವೇ ಇಲ್ಲ ಮಾರಾಯ, ಮನೇಲಿ ಅನ್ನ ಆಗ್ಬೇಕು" ಎಂದು ಗೋಗರೆದರು. ಮಾಸ್ತಪ್ಪ ಹಳೇ ಗ್ಯಾಸ್ಕೆಟ್ಟೊಂದನ್ನು ಅವರ ಮೂಗಿನ ಮುಂದೆ ಹಿಡಿದ. "ಇದಕ್ಕೂ ನೋವಿರ್ಲಿಲ್ಲ ಮೇಷ್ಟ್ರೇ. ದಿನಾ ಪ್ರೆಶರ್ ತಿಂದು ತಿಂದು ಬಿರುಸಾಯ್ತು, ಆಮೇಲೆ ಬಿರುಕು. ತಲೆಯೊಳಗಿನ ಸಣ್ಣ ರಕ್ತನಾಳಾನೂ ಹಿಂಗೇ. ಒಂದು ಕಟ್ಕೊಂಡ್ರೆ ಸಾಕು, ಅಲ್ಲಿನ ಮಿದುಳು ರಕ್ತ ಸಿಗದೆ ಸತ್ತು ಹೋಗ್ತದೆ. ಇದಾದ್ರೆ ಹೊಸದು ಹಾಕ್ತೀನಿ, ಅದನ್ನ ಎಲ್ಲಿಂದ ತರ್ಲಿ?" ಮೇಷ್ಟರು ಬೈಯುತ್ತಲೇ ಆಸ್ಪತ್ರೆಗೆ ಹೋಗಿ, ಚೀಟಿಯ ಜೊತೆ ಮಾತ್ರೆಯನ್ನೂ ಹಿಡಿದು ಬಂದರು. ಮಾಸ್ತಪ್ಪ ಹಿಗ್ಗಿ ಎಲ್ಲರಿಗೂ ಚಹಾ ತರಿಸಿದ. "ಈ ಉಪಾಯ ನಂದಲ್ಲ, ನಮ್ಮ ಜಲಜಂದು" ಎಂದು ಹೆಂಡತಿಯ ಕಥೆ ತೆಗೆದ. ಅವಳು ಮನೆಯ ವಿಷಲ್ಲನ್ನೇ ಬಚ್ಚಿಟ್ಟು, "ಡಾಕ್ಟ್ರ ಹತ್ರ ಹೋಗಿ ಬಂದ್ರೆ ಅನ್ನ" ಅಂದಿದ್ದಳಂತೆ. ನಗುತ್ತಲೇ ಮೊಳೆಯಿಂದ ವಿಷಲ್ ತೆಗೆದು ಮೇಷ್ಟರಿಗೆ ಚಾಚಿದ. "ಎಡಗೈಲಿ ಕೊಡ್ತೀಯೇನೋ?" ಎಂದು ಮೇಷ್ಟರು ಹುಬ್ಬು ಗಂಟಿಕ್ಕಿದರು. ಮಾಸ್ತಪ್ಪನ ಬಲಗೈ ತೊಡೆಯ ಮೇಲೆ ಸುಮ್ಮನೆ ಮಲಗಿತ್ತು. "ಬೇಜಾರಾಗ್ಬೇಡಿ ಮೇಷ್ಟ್ರೇ, ಅವ್ಳು ಒಂದು ತಿಂಗ್ಳು ಮುಂಚೆ ಬಚ್ಚಿಟ್ಟಿದ್ರೆ ಬಲಗೈಲೇ ಕೊಡ್ತಿದ್ದೆ."